ಆರಿಸುವ ಕೆಲಸ

ಬಾಗಲಕೋಟೆಯ ತರಬೇತಿಯಲ್ಲಿ ಆ ಶಬ್ದವನ್ನು ಬೋರ್ಡಿನ ಮೇಲೆ ಬರೆದಾಗ ನರ್ಸ್ ಪೂನಮ್ ಅದನ್ನು 'ಟ್ರೈ-ಏಜ್' ಎಂದು ಓದಿಕೊಂಡಿದ್ದಳು. ಮೂರು ವಯಸ್ಸಿನ ರೋಗಿಗಳ ಬಗ್ಗೆ ಏನೋ ಹೇಳುತ್ತಾರೆ ಅಂದುಕೊಂಡು ನೆಟ್ಟಗೆ ಕೂತಳು. ಹೇಳಿಕೊಟ್ಟವರು ಅದನ್ನು 'ಟ್ರಿಯಾಜ್' ಎಂದರು. ದೊಡ್ಡ ಅಪಘಾತವಾಗಿ ಒಮ್ಮೆಲೇ ಬಹಳ ಜನ ಗಾಯಾಳುಗಳು ಬಂದಾಗ ಯಾರನ್ನು ಮೊದಲು ನೋಡಬೇಕು, ಯಾರು ಕಾಯಬಹುದು ಎಂದು ಬೇರೆ ಬೇರೆ ಮಾಡುವ ಕೆಲಸ. ಕೈಗೆ ಬಣ್ಣದ ಪಟ್ಟಿ ಕಟ್ಟಬೇಕು. ಈಗಲೇ ನೋಡದಿದ್ದರೆ ಉಳಿಯದವರಿಗೆ ಕೆಂಪು, ಸ್ವಲ್ಪ ಹೊತ್ತು ತಡೆಯುವವರಿಗೆ ಹಳದಿ, ಎದ್ದು ನಡೆದಾಡುವವರಿಗೆ ಹಸಿರು. ಕರಿ ಪಟ್ಟಿ ಸತ್ತವರಿಗೆ, ಮತ್ತು ಇರುವ ಕೈಗಳಲ್ಲಿ ಏನು ಮಾಡಿದರೂ ಉಳಿಯಲಾರರು ಎನ್ನುವವರಿಗೆ.

ಮುಧೋಳಕ್ಕೆ ಮರಳಿದ ಮೇಲೆ ಪೂನಮ್ ಆ ಶಬ್ದದ ವಿಷಯ ತೆಗೆದದ್ದು ಡಾಕ್ಟರ್ ಗೌರೀಶ ಅವರ ಹತ್ತಿರ. ಊರ ಹೊರಗಿನ ಆ ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ತುರ್ತು ವಿಭಾಗವೆಂದರೆ ಅವರಿಬ್ಬರು, ಜೊತೆಗೆ ಹೊಸದಾಗಿ ಸೇರಿದ ಕಾವ್ಯ ಎಂಬ ನರ್ಸ್. ಡಾಕ್ಟರಿಗೆ ಶಬ್ದಗಳ ಹುಚ್ಚು. ಮರುದಿನ ಚಹಾ ಕುಡಿಯುವಾಗ ಹುಡುಕಿ ತಂದದ್ದನ್ನು ಖುಷಿಯಿಂದ ಹೇಳಿದರು.

"ಅದು ಇಂಗ್ಲಿಷ್ ಶಬ್ದನ ಅಲ್ಲ ಪೂನಮ್, ಫ್ರೆಂಚರದು. ಆರಿಸೂದು, ಬ್ಯಾರೆ ಬ್ಯಾರೆ ಮಾಡೂದು ಅಂತ ಅರ್ಥ. ಇಂಗ್ಲಿಷಿಗೆ ಬಂದಾಗ ಅದಕ್ಕೂ ದವಾಖಾನಿಗೂ ಸಂಬಂಧ ಇರಲಿಲ್ಲ. ಯಾವುದಕ್ಕ ಬಳಸತಿದ್ರು ಹೇಳ್ರಿ ನೋಡೂಣು."

"ಕಾಳಿಗೇನ್ರಿ?"

"ಕುರಿ ಉಣ್ಣಿಗೆ, ಕಂಬಳಿ ನೇಯ್ತಾರಲ್ಲ, ಅದಕ್ಕ. ಛಲೋದು, ನಡೂದು, ಹಲ್ಕಾದು ಅಂತ ಉಣ್ಣಿ ಆರಿಸೂದಕ್ಕ ಟ್ರಿಯಾಜ್ ಅಂತಿದ್ರು. ಆಮ್ಯಾಲ ಕಾಫಿ ಬೀಜಕ್ಕೂ ಬಂತು. ಮನಷ್ಯಾರಿಗೆ ಈ ಶಬ್ದ ಹತ್ತಿದ್ದು ಮೊದಲನೇ ಮಹಾಯುದ್ಧದಾಗ. ಅದರಕಿಂತ ಮೊದಲ, ನೆಪೋಲಿಯನ್ನನ ಸೈನ್ಯದಾಗ ಒಬ್ಬ ಡಾಕ್ಟರ್ ಇದ್ನಂತ. ದೊಡ್ಡ ಅಧಿಕಾರಿ, ಸಣ್ಣ ಸಿಪಾಯಿ ಅಂತ ನೋಡತಿರಲಿಲ್ಲ, ಗಾಯ ನೋಡಿ ಆರಸತಿದ್ದ."

ಪೂನಮ್ ನಕ್ಕುಬಿಟ್ಟಳು. ಬೀಳಗಿ ಹತ್ತಿರದ ಅವರ ಮನೆತನ ಕುರಿಗಾರರದು. ಕುರಿಗಳ ಉಣ್ಣೆ ಕತ್ತರಿಸಿದ ದಿನ ಆಕೆಯ ಅಜ್ಜಿ ತಾಡಪಾಲಿನ ಮೇಲೆ ಕಾಲು ಚಾಚಿ ಕೂತು ಉಣ್ಣೆಯನ್ನು ಗುಡ್ಡೆ ಗುಡ್ಡೆ ಮಾಡುತ್ತಿದ್ದಳು. ಮರಿಯ ಮೊದಲ ಉಣ್ಣೆ ಒಂದು ಕಡೆ, ಕರೀದು ಒಂದು ಕಡೆ, ಮುಳ್ಳು ಹತ್ತಿದ್ದು ಇನ್ನೊಂದು ಕಡೆ. ತನ್ನ ಕೆಲಸದ ಈ ಕಬ್ಬಿಣದ ಕಡಲೆಯಂಥ ಶಬ್ದ ಅಜ್ಜಿಯ ತಾಡಪಾಲಿನಿಂದ ಬಂದದ್ದು ಎಂದು ತಿಳಿದು ಪೂನಮ್‌ಗೆ ಹೆಮ್ಮೆಯೇ ಆಯಿತು. ಅಂದು ಮನೆಗೆ ಫೋನ್ ಮಾಡಿ ಅವ್ವನಿಗೂ ಹೇಳಿದಳು.

ಅದಾಗಿ ಬಹಳ ದಿನ ಕಳೆದಿರಲಿಲ್ಲ. ಫೆಬ್ರುವರಿಯ ಒಂದು ಮಧ್ಯಾಹ್ನ ಮಹಾಲಿಂಗಪುರದ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎದುರಿನಿಂದ ಬಂದ ಟಂಟಂ ರಿಕ್ಷಾಗೆ ಗುದ್ದಿತು. ಟಂಟಂನಲ್ಲಿದ್ದವರು ಅರಿಷಿಣ ಅಗೆಯುವ ಕೆಲಸ ಮುಗಿಸಿ ಮರಳುತ್ತಿದ್ದ ಹೆಣ್ಣುಮಕ್ಕಳು. ಟ್ರೇಲರ್ ಮಗುಚಿ ಕಬ್ಬೆಲ್ಲ ಅವರ ಮೇಲೆ ಬಿದ್ದಿತ್ತು. ಹೊಲದಲ್ಲಿದ್ದವರು ಓಡಿಬಂದು ಕಬ್ಬು ಸರಿಸಿ, ಕೈಗೆ ಸಿಕ್ಕವರನ್ನು ಸಿಕ್ಕ ಗಾಡಿಯಲ್ಲಿ ಹಾಕಿ ಕಳಿಸಿದರು. ಎಲ್ಲಕ್ಕಿಂತ ಹತ್ತಿರದ ದವಾಖಾನೆ ಇದೇ.

ಮೊದಲ ಗಾಡಿ ಬಂದಾಗ ಡಾಕ್ಟರ್ ಗೌರೀಶ ಪಟ್ಟಿಗಳ ಡಬ್ಬಿಯನ್ನು ಪೂನಮ್ ಕೈಗೆ ಕೊಟ್ಟರು.

"ನೀವು ಆರಿಸ್ರಿ. ಯಾರ ಹತ್ರಾನೂ ನಿಂದರಬ್ಯಾಡ್ರಿ. ನಾನು, ಕಾವ್ಯ ಕೆಂಪು ನೋಡಕೋತ ಬರ್ತೇವಿ."

ಪೋರ್ಚಿನ ಫರಸಿಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಯಾರೋ ನೀರು ಕೇಳುತ್ತಿದ್ದರು, ಯಾರೋ ಮಗಳ ಹೆಸರು ಹಿಡಿದು ಕೂಗುತ್ತಿದ್ದರು. ಪೂನಮ್ ಮೊದಲನೆಯವಳ ಪಕ್ಕ ಮೊಣಕಾಲೂರಿ ಬೆರಳಿನ ಉಗುರು ಒತ್ತಿ ನೋಡಿದಳು. ಒತ್ತಿ ಬಿಟ್ಟ ಉಗುರಿಗೆ ಕೆಂಪು ಬೇಗ ಮರಳಿದರೆ ರಕ್ತ ಓಡುತ್ತಿದೆ ಎಂದರ್ಥ. ಆದರೆ ಆ ಕೈ ಅಂಗೈಯಿಂದ ಮೊಣಕೈವರೆಗೆ ಅರಿಷಿಣವಾಗಿತ್ತು. ಪಕ್ಕದವಳದೂ ಹಾಗೇ. ಎಲ್ಲರ ಉಗುರೂ ಹಳದಿ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಕ್ಷಣ ಆಕೆಗೆ ತಲೆ ಓಡಲಿಲ್ಲ. ಆಮೇಲೆ ರೆಪ್ಪೆಯ ಒಳಭಾಗ ಎಳೆದು ನೋಡುವುದು, ತುಟಿ ನೋಡುವುದು, ನಾಡಿ ಹಿಡಿಯುವುದು, ಎದ್ದೇಳಲು ಹೇಳುವುದು, ಇಷ್ಟನ್ನು ಹಿಡಿದುಕೊಂಡು ಮುಂದೆ ಸರಿದಳು.

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ರತ್ನಾಬಾಯಿ. ಅರಿಷಿಣದ ಹೊಲ ಅವರದು, ಟಂಟಂನ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಣೆಯಿಂದ ರಕ್ತ ಇಳಿದು ಸೀರೆ ತೊಯ್ದಿತ್ತು. ಪೂನಮ್‌ಳ ಕೈ ಹಿಡಿದುಕೊಂಡು ಬಿಡಲಿಲ್ಲ.

"ನಾ ಸಾಯಾಕತ್ತೇನಿ, ಮೊದಲ ನನ್ನ ನೋಡು ತಂಗಿ."

"ಎದ್ದು ಆ ಗ್ವಾಡಿಮಟಾ ಹೋಗ್ರಿ ಅಕ್ಕಾರ."

ರತ್ನಾಬಾಯಿ ಎದ್ದು ಬೈಯುತ್ತ ಗೋಡೆಯವರೆಗೆ ನಡೆದರು. ಪೂನಮ್ ಅವರ ಕೈಗೆ ಹಸಿರು ಕಟ್ಟಿದಳು.

ಗೋಡೆಯ ಹತ್ತಿರವೇ ಒಬ್ಬ ಹುಡುಗ ಮಲಗಿದ್ದ. ಇಪ್ಪತ್ನಾಲ್ಕು, ಇಪ್ಪತ್ತೈದು ಇರಬಹುದು. ಮುಖವೆಲ್ಲ ಮಣ್ಣು, ದನಿಯೇ ಇಲ್ಲ. ತೊಡೆ ಜಜ್ಜಿಹೋಗಿ ಕೆಳಗೆ ರಕ್ತ ಮಡುಗಟ್ಟಿತ್ತು. ಅಂಗಿ ಸರಿಸಿದರೆ ಎದೆಯ ಒಂದೇ ಪಕ್ಕ ಏಳುತ್ತಿತ್ತು. ಪೂನಮ್ ರಕ್ತ ನಿಲ್ಲಲು ತೊಡೆಗೆ ಬಿಗಿಯಾಗಿ ಪಟ್ಟಾ ಎಳೆದು ಕಟ್ಟಿ, ಕೈಗೆ ಕೆಂಪು ಕಟ್ಟಿ ಕೂಗಿದಳು. ಡಾಕ್ಟರ್ ಓಡಿಬಂದು ಅಲ್ಲೇ ನೆಲದ ಮೇಲೆ ಅವನ ಎದೆಗೆ ದಪ್ಪ ಸೂಜಿ ಚುಚ್ಚಿದರು. ಸಿಕ್ಕಿಕೊಂಡಿದ್ದ ಗಾಳಿ ಸುಯ್ಯೆಂದು ಹೊರಗೆ ಬಂತು.

ಅವನ ಆಚೆ ಮಲಗಿದ್ದವಳು ನಲವತ್ತು ದಾಟಿದ ಹೆಂಗಸು. ಮೈಮೇಲೆ ಗಾಯವೇ ಕಾಣುತ್ತಿರಲಿಲ್ಲ. ಕಿವಿಯಿಂದ ಮಾತ್ರ ನೀರಿನಂಥ ರಕ್ತ. ಪೂನಮ್ ಕಣ್ಣಿಗೆ ಬ್ಯಾಟರಿ ಹಿಡಿದಳು. ಎರಡೂ ಪಾಪೆ ಅಗಲವಾಗಿ ತೆರೆದೇ ಇದ್ದವು. ಉಸಿರು ಎಲ್ಲೋ ಆಳದಿಂದ ಒಮ್ಮೆ ಬರುತ್ತಿತ್ತು, ಮತ್ತೆ ಬಹಳ ಹೊತ್ತು ಬರುತ್ತಿರಲಿಲ್ಲ. ಕೊರಳಲ್ಲಿ ಕುರಿಗಾರರ ದೇವರು ಬೀರೇಶ್ವರನ ಬೆಳ್ಳಿ ಪದಕವಿತ್ತು. ಅಂಥದೇ ಪದಕ ಪೂನಮ್‌ಳ ಅವ್ವನ ಕೊರಳಲ್ಲೂ ಇದೆ. ಕೈ ಹಿಡಿದಳು. ಕೈ ಬೆಚ್ಚಗಿತ್ತು. ಬೆನ್ನ ಹಿಂದೆ ಇನ್ನೊಂದು ಗಾಡಿ ಬಂದು ನಿಂತ ಸದ್ದಾಯಿತು.

ಆ ಕೈಗೆ ಕರಿ ಪಟ್ಟಿ ಕಟ್ಟಿ ಪೂನಮ್ ಎದ್ದಳು. ಗೋಡೆಗೆ ಒರಗಿ ಕೂತಿದ್ದ ರತ್ನಾಬಾಯಿ ಅದನ್ನೇ ನೋಡುತ್ತಿದ್ದರು.

ಹೊತ್ತು ಮುಳುಗುವ ಹೊತ್ತಿಗೆ ಕೆಂಪು ಪಟ್ಟಿಯ ನಾಲ್ವರೂ ಉಸಿರಾಡುತ್ತಿದ್ದರು. ಹಳದಿ ಕಟ್ಟಿದ್ದ ಒಬ್ಬಳ ಹೊಟ್ಟೆ ಉಬ್ಬುತ್ತಿರುವುದನ್ನು ಪೂನಮ್ ಎರಡನೇ ಸುತ್ತಿನಲ್ಲಿ ಕಂಡು ಕೆಂಪಿಗೆ ಬದಲಿಸಿದ್ದಳು. ಅವಳನ್ನು ಆಗಲೇ ಬಾಗಲಕೋಟೆಗೆ ಕಳಿಸಿಯಾಗಿತ್ತು. ಕರಿ ಪಟ್ಟಿಯ ಹೆಂಗಸು ಯಾವಾಗ ತೀರಿಕೊಂಡಳೋ ಯಾರೂ ನೋಡಲಿಲ್ಲ. ಕಾವ್ಯ ಹೋದಾಗ ಮೈ ತಣ್ಣಗಾಗಿತ್ತು. ಆಕೆಯ ಹೆಸರು ಮಾಯವ್ವ ಎಂದು ಜೊತೆಯವರು ಹೇಳಿದ್ದು ಆಮೇಲೆ.

ಗಂಡ ಗಿರಮಲ್ಲಪ್ಪ ಕುರಿಗಳ ಜೊತೆ ದೂರದ ಹೊಲದಲ್ಲಿದ್ದವನು. ಸುದ್ದಿ ಮುಟ್ಟಿ ಅವನು ಬರುವಾಗ ಕತ್ತಲಾಗುತ್ತಿತ್ತು. ಹೆಗಲ ಮೇಲೆ ಕಂಬಳಿ, ಜೊತೆಗೆ ಮಾಯವ್ವನ ತಮ್ಮ ಈರಪ್ಪ, ಹಿಂದೆ ಊರಿನ ಹತ್ತಾರು ಜನ. ಹೆಂಡತಿಯ ಮುಖದ ಮೇಲಿನ ಬಟ್ಟೆ ತೆಗೆದು ನೋಡಿದ. ಆಮೇಲೆ ಅವಳ ಕೈ ಎತ್ತಿ ಪಟ್ಟಿ ನೋಡಿದ.

"ಇದೇನು?" ಎಂದು ಹತ್ತಿರವಿದ್ದ ವಾರ್ಡ್ ಬಾಯ್ ಗೂಳಪ್ಪನನ್ನು ಕೇಳಿದ.

ಗೂಳಪ್ಪ ಸುಳ್ಳು ಹೇಳಲು ಬಾರದ ಮನುಷ್ಯ. "ಬಣ್ಣ ಕಟ್ಟಿ ಆರಸ್ತಾರ್ರಿ. ಕೆಂಪ ಕಟ್ಟಿದವ್ರನ್ನ ಮೊದಲ ನೋಡ್ತಾರ. ಕರೇದು ಕಟ್ಟಿದವ್ರನ್ನ ನೋಡೂದಿಲ್ರಿ" ಎಂದ.

ಹಣೆಗೆ ಹೊಲಿಗೆ ಹಾಕಿಸಿಕೊಂಡು ಬೆಂಚಿನ ಮೇಲಿದ್ದ ರತ್ನಾಬಾಯಿ ಎದ್ದು ಬಂದರು. "ಕಟ್ಟುವಾಗ ಆಕಿ ಉಸುರಾಡತಿದ್ದಳು, ಗಿರಮಲ್ಲಪ್ಪ. ನಾ ಕಣ್ಣಾರೆ ನೋಡೇನಿ. ಆ ನರ್ಸ್ ಕೈ ಹಿಡಿದ್ಲು, ಪಟ್ಟಿ ಕಟ್ಟಿದ್ಲು, ಎದ್ದು ಹೋದ್ಲು."

ಈರಪ್ಪ ಆಗಲೇ ಮೊಬೈಲ್ ತೆಗೆದು ಅಕ್ಕನ ಕೈಯ ವಿಡಿಯೋ ಮಾಡುತ್ತಿದ್ದ. ಜೀವ ಇದ್ದವಳನ್ನು ಸತ್ತವಳೆಂದು ಬಿಟ್ಟರು ಎಂಬ ಮಾತು ಗೇಟಿನವರೆಗೆ ಹೋಯಿತು. ಹೋದಷ್ಟೇ ಬೇಗ ಇನ್ನೊಂದು ಸುದ್ದಿ ಗೇಟಿನಿಂದ ಒಳಗೆ ಬಂತು. ಮೊದಲು ಕೆಂಪು ಕಟ್ಟಿ, ಡಾಕ್ಟರು ನೆಲದ ಮೇಲೆ ಕೂತು ಉಳಿಸಿದ ಆ ಹುಡುಗ ಟಂಟಂನವನಲ್ಲ. ಅವನು ಪರಮೇಶ, ತೇರದಾಳದ ಕಡೆಯವನು. ಟ್ರ್ಯಾಕ್ಟರ್ ಹೊಡೆಯುತ್ತಿದ್ದವನೇ ಅವನು.

ಮೂಗಿನ ಕೆಳಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಪರಮೇಶ ಆಗ ಸ್ಟ್ರೆಚರಿನ ಮೇಲಿದ್ದ. ಅವನ ತೊಡೆಯ ರಕ್ತನಾಳ ಜೋಡಿಸಬಲ್ಲ ವೈದ್ಯರು ಬೆಳಗಾವಿಯಲ್ಲಿದ್ದರು. ಆಂಬುಲೆನ್ಸ್ ಪೋರ್ಚಿನಲ್ಲಿ ನಿಂತಿತ್ತು. ಗೇಟಿಗೆ ಅಡ್ಡಲಾಗಿ ಜನ ನಿಂತಿದ್ದರು.

ಡಾಕ್ಟರ್ ಗೌರೀಶ ಪೂನಮ್‌ಳನ್ನು ಔಷಧದ ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಪೊಲೀಸರಿಗೆ ಹೇಳೇನಿ. ಅವ್ರು ಬರೂತನಕ ಇಲ್ಲೇ ಇರ್ರಿ. ಇಲ್ಲಾ, ಹಿಂದಿನ ಬಾಗಲಲೆ ಮನೀಗಿ ಹೋಗ್ರಿ."

"ಆ ಹುಡುಗನ ಕಾಲು ಎಷ್ಟೊತ್ತು ತಡೀತೈತ್ರಿ?"

ಕಾಲಷ್ಟೇ ಅಲ್ಲ, ಜೀವವೂ ಬಹಳ ಹೊತ್ತು ತಡೆಯದು ಎಂದು ಇಬ್ಬರಿಗೂ ಗೊತ್ತಿತ್ತು.

"ಪಟ್ಟಿ ಕಟ್ಟಿದಾಕಿ ನಾನರಿ" ಎಂದು ಪೂನಮ್ ಬಾಗಿಲು ತೆಗೆದಳು. ಬೇಗ ಬೇಗ ಹೊರಗೆ ನಡೆದಳು.

ಪೋರ್ಚಿನಲ್ಲಿ ಈರಪ್ಪ ಅವಳ ಮುಖಕ್ಕೇ ಮೊಬೈಲ್ ಹಿಡಿದ. ಗಿರಮಲ್ಲಪ್ಪ ಅವನ ಕೈ ಕೆಳಗಿಳಿಸಿದ.

"ನೀನ ಏನವಾ ಕಟ್ಟಿದಾಕಿ?"

"ಹೌದ್ರಿ ಕಾಕಾ."

"ಉಸುರು ಇತ್ತೇನು?"

"ಇತ್ರಿ. ತಡೆದು ತಡೆದು ಬರ್ತಿತ್ತು."

ಗುಂಪಿನಲ್ಲಿ ಗದ್ದಲ ಎದ್ದಿತು. ಗಿರಮಲ್ಲಪ್ಪ ತಿರುಗಿ ನೋಡಲಿಲ್ಲ. "ಮತ್ತ ಯಾಕ ಬಿಟ್ಟಿ?"

ಪೂನಮ್‌ಗೆ ಹೇಗಾದರೂ ಇವನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು ಎನ್ನಿಸಿತು. ಡಾಕ್ಟರು ಚಹಾ ಕುಡಿಯುತ್ತ ಹೇಳಿದ್ದು ಬಾಯಿಗೆ ಬಂತು.

"ಇದಕ್ಕ ಟ್ರಿಯಾಜ್ ಅಂತಾರ್ರಿ. ಫ್ರೆಂಚ್ ಶಬ್ದ. ಆರಿಸೂದು ಅಂತ ಅರ್ಥ. ಮಂದಿ ಬಾಳ, ಕೈ ಕಡಿಮಿ ಇದ್ದಾಗ ಆರಿಸಬೇಕಾಗ್ತದ್ರಿ. ನಾನೂ ಕುರಿಗಾರರ ಮನೀ ಮಗಳು. ಮೊದಲ ಇದು ಉಣ್ಣಿ ಆರಿಸೂ ಶಬ್ದನ ಇತ್ತಂತ. ನಾವು ಉಣ್ಣಿ ಹೆಂಗ..."

"ನನ್ನ ಹೇಣ್ತಿ ಉಣ್ಣಿ ಅಲ್ಲವಾ" ಎಂದ ಗಿರಮಲ್ಲಪ್ಪ.

ದನಿ ಏರಿಸಿರಲಿಲ್ಲ. ಆದರೂ ಸುತ್ತಲಿನ ಗದ್ದಲ ನಿಂತುಹೋಯಿತು. ಪೂನಮ್ ಇಷ್ಟು ದಿನ ಹೆಮ್ಮೆಪಟ್ಟುಕೊಂಡಿದ್ದ ಮಾತು ಈ ಮನುಷ್ಯನ ಮುಂದೆ ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ, ಅದನ್ನು ನುಂಗಿಕೊಳ್ಳಲು ಆಗಿದ್ದರೆ ನುಂಗಿಬಿಡುತ್ತಿದ್ದಳು.

"ತಪ್ಪಾತ್ರಿ. ಆ ಮಾತು ಆಡಬಾರದಿತ್ತು" ಎಂದಳು. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ತಲೆಯ ಒಳಗೆ ಪೆಟ್ಟು ಬಿದ್ದಿತ್ತು. ಕಣ್ಣ ಪಾಪೆಗೆ ಬೆಳಕು ಬಿಟ್ಟರೂ ಅಲುಗಲಿಲ್ಲ. ಆ ಹೊತ್ತಿಗೇ ಬೆಳಗಾವಿಯ ದೊಡ್ಡ ದವಾಖಾನೆಯಲ್ಲಿದ್ದರೂ ಉಳಿಯುತ್ತಿದ್ದಳೆಂದು ತನಗೆ ಅನ್ನಿಸುವುದಿಲ್ಲ. ಇಲ್ಲಿ ಒಬ್ಬರೇ ಡಾಕ್ಟರು. ಅವರು ಅವಳ ಹತ್ತಿರ ಕೂತಿದ್ದರೆ ಇನ್ನೊಬ್ಬರು ಹೋಗುತ್ತಿದ್ದರು.

"ಕೈ ಬೆಚ್ಚಗಿತ್ರಿ. ನನಗ ಬಿಡೂ ಮನಸು ಇರಲಿಲ್ಲ. ಆದರ ಬಿಟ್ಟೆ. ಬಿಟ್ಟು ಮುಂದ ಹೋದೆ. ಆಕಿ ಹ್ವಾದಾಗ ಹತ್ರ ಯಾರೂ ಇರಲಿಲ್ಲ. ಅದು ಖರೆ."

"ಏನರ ಅಂದಳೇನು?"

"ಇಲ್ರಿ. ಎಚ್ಚರ ಇರಲಿಲ್ಲ."

ಗಿರಮಲ್ಲಪ್ಪ ಕಂಬಳಿಯಿಂದ ಮುಖ ಒರೆಸಿಕೊಂಡು ಸ್ಟ್ರೆಚರಿನ ಕಡೆ ಗದ್ದ ಎತ್ತಿ ತೋರಿಸಿದ.

"ಆ ಇನ್ನೊಬ್ಬ ಅಂದ್ರ ಇಂವನ ಏನು?"

"ಇಂವನೂ ಒಬ್ಬಾಂವ್ರಿ."

"ಟ್ರ್ಯಾಕ್ಟರ್ ಹೊಡದಾಂವ ಇಂವ ಅಂತ ಗೊತ್ತಿತ್ತೇನು ನಿನಗ?"

"ಗೊತ್ತಿರಲಿಲ್ರಿ."

"ಗೊತ್ತಿದ್ದರ?"

ಇಲ್ಲಿ ಒಂದು ಸುಳ್ಳು ಹೇಳಿದರೆ ಎಲ್ಲವೂ ಸುಲಭವಾಗುತ್ತದೆ ಎಂದು ಪೂನಮ್‌ಗೆ ತಿಳಿಯಿತು. ಗೇಟಿನ ಹತ್ತಿರ ಯಾರೋ ಕಲ್ಲು ಎತ್ತಿಕೊಂಡದ್ದೂ ಕಾಣಿಸುತ್ತಿತ್ತು. ಹಿಂದೆ ಡಾಕ್ಟರು "ಪೂನಮ್" ಎಂದು ಮೆಲ್ಲಗೆ ಎಚ್ಚರಿಸಿದರು.

"ಗೊತ್ತಿದ್ರೂ ಕೆಂಪ ಕಟ್ಟತಿದ್ನಿರಿ" ಎಂದಳು.

ಈರಪ್ಪ ಬೈದು ಸ್ಟ್ರೆಚರಿನ ಕಡೆ ನುಗ್ಗಿದ. ಗೂಳಪ್ಪ ಅವನನ್ನು ತಡೆಯಲು ಹೋಗಿ ಗೋಡೆಗೆ ಬಿದ್ದ. ಪೂನಮ್ ಸ್ಟ್ರೆಚರಿಗೆ ಅಡ್ಡ ನಿಂತು ಎರಡೂ ಕೈಯಲ್ಲಿ ಅದರ ಕಂಬಿ ಹಿಡಿದುಕೊಂಡಳು. ಈರಪ್ಪನ ಮುಷ್ಟಿ ಮೇಲೆದ್ದದ್ದು ಅವಳಿಗೆ ಕಂಡಿತು, ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಗಿರಮಲ್ಲಪ್ಪ ಅವನ ರಟ್ಟೆ ಹಿಡಿದಿದ್ದ.

"ಬಿಡು ಮಾಮಾ. ಅಕ್ಕನ್ನ ಕೊಂದಾನಿಂವ."

"ಬಿಡೂದಿಲ್ಲ. ಇಲ್ಲಿ ಇಂವ ಸತ್ತ ಅಂದ್ರ ನಾ ಯಾರನ್ನ ಕೇಳ್ಲಿ? ನಾಕ ಮಂದಿ ಮುಂದ ನಿಂತು ಬಾಯಿ ಬಿಟ್ಟು ಹೇಳಬೇಕಿಂವ, ಕಣ್ಣ ಎಲ್ಲಿದ್ದು ಅಂತ. ಕೋರ್ಟಿನ್ಯಾಗ ಹೇಳಬೇಕು. ಅದಕ್ಕ ಬದಕಬೇಕು." ಗಿರಮಲ್ಲಪ್ಪನ ದನಿ ಆಗ ಒಡೆಯಿತು. ಗೇಟಿನ ಕಡೆ ತಿರುಗಿ, "ದಾರಿ ಬಿಡ್ರಿ" ಎಂದ.

ಜನ ಕೂಡಲೇ ಸರಿಯಲಿಲ್ಲ. ಪರಮೇಶನನ್ನು ಆಂಬುಲೆನ್ಸಿಗೆ ಏರಿಸಿದ ಮೇಲೆ ಗಿರಮಲ್ಲಪ್ಪನೇ ಅದರ ಮುಂದೆ ನಡೆದು ಹೋದ. ಸತ್ತವಳ ಗಂಡನೇ ಮುಂದೆ ಬರುತ್ತಿರುವುದನ್ನು ನೋಡಿ ಕಲ್ಲು ಹಿಡಿದವನು ಕಲ್ಲನ್ನು ಕೆಳಗೆ ಹಾಕಿದ. ಗಾಡಿ ಗೇಟು ದಾಟಿ ಬೆಳಗಾವಿಗೆ ಹೋಗುವ ಲೋಕಾಪುರದ ದಾರಿ ಹಿಡಿಯಿತು. ಗಿರಮಲ್ಲಪ್ಪ ಅಲ್ಲಿಯೇ ರಸ್ತೆಯ ಬದಿಗೆ ಕುಕ್ಕರಿಸಿ ಕೂತು ಆಗ ಅತ್ತ. ಪೂನಮ್ ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ.

ಪರಮೇಶ ಉಳಿದ, ಒಂದು ಕಾಲು ಹೋಯಿತು. ಎರಡು ದಿನ ಸರಿಯಾಗಿ ಮಲಗದೆ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಖೇಪು ಹೊಡೆಯುತ್ತಿದ್ದೆ, ಕಣ್ಣು ಹತ್ತಿತು ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟ. ಈರಪ್ಪನ ವಿಡಿಯೋ ಬನಹಟ್ಟಿ, ಜಮಖಂಡಿವರೆಗೆ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಸಂತೆಯಲ್ಲಿ ಪೂನಮ್‌ಳನ್ನು ಬೆರಳು ಮಾಡಿ ತೋರಿಸಿದವರೂ ಇದ್ದರು. ವಿಚಾರಣೆಗೆ ಬಂದ ಹಿರಿಯ ವೈದ್ಯರು ಕಾಗದಪತ್ರ, ಮರಣೋತ್ತರ ವರದಿ ಎಲ್ಲ ನೋಡಿ, ಕಟ್ಟಿದ ಪಟ್ಟಿ ಸರಿಯಾದದ್ದೇ ಎಂದರು. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಸರಿ ಎನ್ನುವುದು ಅವಳಿಗೆ ಆ ಫರಸಿಯ ಮೇಲೇ ಗೊತ್ತಿತ್ತು.

ಅವಳು ಡಾಕ್ಟರ್ ಗೌರೀಶ ಅವರಲ್ಲಿ ಒಂದೇ ಒಂದು ಬೇಡಿಕೆ ಇಟ್ಟಳು. ಇನ್ನು ಮುಂದೆ ಕರಿ ಪಟ್ಟಿ ಕಟ್ಟಿದವರ ಹತ್ತಿರ ಯಾರಾದರೂ ಒಬ್ಬರು ಕೂರಬೇಕು.

"ಯಾರನ್ನ ಕೂಡಸೂದು? ಇರೂದ ಮೂರು ಮಂದಿ" ಎಂದರು ಡಾಕ್ಟರು.

ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಗೂಳಪ್ಪ, "ನಾ ಕುಂದರ್ತೇನ್ರಿ" ಎಂದ. ಅವತ್ತು ತಾನು ಆಡಿದ ಮಾತು ಅವನಿಗೂ ಚುಚ್ಚುತ್ತಿತ್ತು. ಅಂದಿನಿಂದ ಅದು ಆ ಆಸ್ಪತ್ರೆಯ ಪದ್ಧತಿಯಾಯಿತು.

ಮರುವರ್ಷದ ಮಳೆಗಾಲದಲ್ಲಿ ಪರಮೇಶನ ಮೇಲಿನ ಕೇಸಿನಲ್ಲಿ ಸಾಕ್ಷಿ ಹೇಳಲು ಪೂನಮ್‌ಗೆ ಮುಧೋಳದ ಕೋರ್ಟಿನಿಂದ ಕರೆ ಬಂತು. ವರಾಂಡದ ಬೆಂಚಿನ ಮೇಲೆ ಗಿರಮಲ್ಲಪ್ಪ ಕೂತಿದ್ದ. ಅವಳು ದೂರ ನಿಂತದ್ದನ್ನು ನೋಡಿ, "ಬಾ, ಕೂಡ" ಎಂದ. ಕೂತಳು. ಯಾವ ಊರು, ಯಾರ ಮಗಳು ಎಂದು ಕೇಳಿದ. ಹೇಳಿದಳು.

"ನಿಮ್ಮ ಮುತ್ಯಾನ ಕುರಿ ಮತ್ತ ನಮ್ಮವು ಒಂದ ವರ್ಷ ಕೂಡಿ ಮೇದಾವು, ಹೊಳಿ ದಂಡಿಗೆ" ಎಂದ. ಅಷ್ಟೇ ಮಾತು.

ಸ್ವಲ್ಪ ಹೊತ್ತಿಗೆ ಪರಮೇಶ ಬಂದ. ಬಗಲಿಗೆ ಕೋಲು, ಮಡಚಿ ಪಿನ್ನು ಹಾಕಿದ ಪ್ಯಾಂಟಿನ ಕಾಲು. ಇದ್ದದ್ದು ಒಂದೇ ಬೆಂಚು. ಅವನು ಕಂಬಕ್ಕೆ ಒರಗಿ ನಿಂತ. ನಿಂತಿರಲು ಕಷ್ಟವಾಗುತ್ತಿದೆ ಎಂದು ಪೂನಮ್‌ಗೆ ಗೊತ್ತಾಗುತ್ತಿತ್ತು, ಆದರೆ ಏಳಲು ಧೈರ್ಯ ಬರಲಿಲ್ಲ. ಗಿರಮಲ್ಲಪ್ಪ ಅವನ ಕಡೆ ಒಮ್ಮೆ ನೋಡಿದ. ಆಮೇಲೆ ಎದ್ದು ಹೋಗಿ ವರಾಂಡದ ತುದಿಯಲ್ಲಿ ಮಳೆ ನೋಡುತ್ತ ನಿಂತ. ಬೆಂಚಿನ ಮೇಲೆ ಅವನು ಬಿಟ್ಟುಹೋದ ಜಾಗ ಖಾಲಿ ಇತ್ತು. ಪರಮೇಶ ಅದನ್ನು ನೋಡಿದ, ಕೂರಲಿಲ್ಲ. ಒಳಗಿನಿಂದ ಜವಾನ ಬಂದು ಹೆಸರು ಕೂಗುವವರೆಗೂ ಮೂವರೂ ಹಾಗೇ ಇದ್ದರು.